ಮೊನೆಯಿಲ್ಲದ ಗಾಳ

ಒಳ್ಳೆಯ ಮನಸ್ಸಿನವರಿಂದ ನಾಲ್ಕು ಮಾರು ದೂರ ಇರಬೇಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಕೆಟ್ಟವನು ಕಲ್ಲು ಎಸೆದರೆ ಬಗ್ಗಿ ತಪ್ಪಿಸಿಕೊಳ್ಳಬಹುದಂತೆ; ಒಳ್ಳೆಯವನು ಉಪಕಾರ ಎಸೆದರೆ ಯಾವ ಕಡೆಗೆ ಬಗ್ಗಬೇಕು? ಈ ಮಾತನ್ನು ಆಕೆ ನಮ್ಮ ಅಜ್ಜನನ್ನು ನೋಡುತ್ತ ಹೇಳುತ್ತಿದ್ದುದರಿಂದ ಇದು ಅವನಿಗೆ ಸಂಬಂಧಪಟ್ಟದ್ದೆಂದು ಐವತ್ತು ವರ್ಷ ನಂಬಿಕೊಂಡಿದ್ದೆ. ಅದು ಪಿತ್ರಾರ್ಜಿತವಾಗಿ ನನಗೂ ಬಂದಿದೆ ಎಂಬುದು ತಿಳಿದದ್ದು ಹೋದ ವರ್ಷ, ಒಂದು ಪಕ್ಕಡದ ಕಾರಣದಿಂದ. ಪಕ್ಕಡವೆಂದರೆ ತಂತಿ ಕತ್ತರಿಸುವ, ಮೊಳೆ ಕೀಳುವ ಇಕ್ಕಳ. ಆ ಪಕ್ಕಡದಿಂದ ನಾನು ಆರು ಭಾನುವಾರ ಒಬ್ಬ ಹುಡುಗನಿಗೆ ಮಾಡಿದ ಮೋಸವನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಇದು ಶುರುವಾದ ಸಂಜೆ ಪುಣೆಯ ವಾಕಡದ ನಮ್ಮ ಮನೆಯಲ್ಲಿ, ಟಿ.ವಿ. ಮುಂದೆ ಇದ್ದವರು ಮೂವರು. ಒಬ್ಬನು ನಾನು, ಹಡಪಸರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟುಗಳನ್ನು ಕಾಯ್ದು ನಿವೃತ್ತನಾದವನು. ಇನ್ನೊಬ್ಬಳು ನನ್ನ ಹೆಂಡತಿ ಶೈಲಾ. ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಮೂರನೆಯವನು ಗಿರೀಶ, ಬೆಳಗಾವಿಯಲ್ಲಿರುವ ನನ್ನ ಅಕ್ಕನ ಮಗ. ಇಪ್ಪತ್ತನಾಲ್ಕು ವರ್ಷ, ಮೆಕ್ಯಾನಿಕಲ್ ಡಿಪ್ಲೊಮಾ, ಕೈಯಲ್ಲಿ ವಿಶ್ವಕರ್ಮನ ವಾಸ. ನಮ್ಮ ಮನೆಯ ಮಿಕ್ಸರು, ಗೀಸರು, ಕೆಳಗಿನ ಮನೆಯವರ ಹೊಲಿಗೆ ಯಂತ್ರ ಎಲ್ಲವೂ ಅವನ ಕೈ ತಾಗಿ ಪುನರ್ಜನ್ಮ ಪಡೆದಿದ್ದವು. ಆದರೆ ಅಪರಿಚಿತರ ಮುಂದೆ ನಿಲ್ಲಿಸಿದರೆ ಅವನ ಗಂಟಲು ನಲ್ಲಿ ತಿರುವಿದಂತೆ ಬಂದ್ ಆಗುತ್ತಿತ್ತು. ಪುಣೆಗೆ ಬಂದು ಐದು ತಿಂಗಳಲ್ಲಿ ಮೂರು ಸಂದರ್ಶನ ಮುಗಿಸಿದ್ದ. ಮೊದಲನೆಯದರಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದರಂತೆ. ಇವನು ಅವರ ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಓದುತ್ತ ಕೂತನಂತೆ. ಎರಡನೆಯದರಲ್ಲಿ ಸನ್ನೆ ಮಾಡಿ ನೀರು ಕೇಳಿ, ಮೂರು ಲೋಟ ಕುಡಿದು, ಕೈಮುಗಿದು ಎದ್ದು ಬಂದ. ಮೂರನೆಯದರಲ್ಲಿ ಹೆಸರೇನು ಎಂದು ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದ.

ಇದರಲ್ಲಿ ನಮ್ಮ ಮನೆತನದ ಕೈವಾಡವೂ ಇದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನಿಗೆ ಹಾಲುಹಲ್ಲು ಇದ್ದಾಗಿನಿಂದ ಹೇಳಿದವರು ನಾವು. ಅವನು ಪಾಪ, ಅದನ್ನು ನಂಬಿ ಮುತ್ತುಗಳನ್ನೆಲ್ಲ ಜೋಪಾನವಾಗಿ ಒಳಗೇ ಇಟ್ಟುಕೊಂಡ. ಶೈಲಾಳ ಅಭಿಪ್ರಾಯ ಬೇರೆ. "ನಿಮ್ಮ ಮನಿತನದ ಪಾಲಿಗೆ ದೇವರು ಕೊಟ್ಟ ಮಾತೆಲ್ಲಾ ನೀವೊಬ್ಬರ ಆಡಿ ಮುಗಿಸೀರಿ. ಕೂಸಿಗೆ ಎಲ್ಲಿ ಉಳೀತದ?" ಎನ್ನುತ್ತಾಳೆ.

ಆ ಸಂಜೆ ಗಿರೀಶ ಒಂದು ಜಪಾನಿ ಕಾರ್ಟೂನು ಹಚ್ಚಿಕೊಂಡು ಕೂತಿದ್ದ. ಕಾರ್ಟೂನು ಅನ್ನಬಾರದಂತೆ, ಅನಿಮೆ ಅನ್ನಬೇಕಂತೆ. ತೆರೆಯ ಮೇಲೆ ಬೂದು ಅಂಗಿಯ ಒಬ್ಬ ತರುಣ ಸಮುದ್ರದ ದಂಡೆಯಲ್ಲಿ ನಿಂತು ತನ್ನ ಬೂಟುಗಳನ್ನು ನೋಡುತ್ತಿದ್ದ. ಯಾರೋ ಮಾತಾಡಿಸಿದರು, ಅವನು ಇನ್ನಷ್ಟು ಬೂಟು ನೋಡಿದ. ಕೆಳಗೆ ಇಂಗ್ಲಿಷ್ ಅಕ್ಷರಗಳು ಡೆಕ್ಕನ್ ಕ್ವೀನ್ ರೈಲಿನಂತೆ ಓಡುತ್ತಿದ್ದವು. ನನ್ನ ಕನ್ನಡಕ ಪ್ಯಾಸೆಂಜರು. "ಏನಂತೋ ಇವನದು?" ಎಂದೆ. ಉತ್ತರ ಬರುತ್ತದೆಂದು ಕೇಳಿದ್ದಲ್ಲ, ಸುಮ್ಮನೆ ಚಟಕ್ಕೆ ಕೇಳಿದ್ದು.

"ಅವಗ ಮಂದಿ ಅಂದ್ರ ಅಂಜಿಕಿ ರೀ ಮಾಮಾ," ಎಂದ ಗಿರೀಶ. "ಕೆಲಸ ಹೋಗೇದ, ಊರು ಬಿಟ್ಟ ಬಂದಾನ. ಐಸಿನ ಗೋದಾಮಿನ್ಯಾಗ ಇರ್ತಾನ. ಈಗ ನೋಡ್ರಿ, ಆ ಕ್ಷೌರದ ಅಂಗಡಿ ಮುದುಕ ಇದ್ದಾನಲ್ಲ, ಅವ ಏನೂ ಕೇಳೂದಿಲ್ಲ. ಸುಮ್ನ ಕೈಯಾಗ ಗಾಳ ಕೊಡ್ತಾನ. ಗಾಳ ಹಿಡಕೊಂಡ್ರ ಒಬ್ಬರ ಮಾರಿ ಒಬ್ಬರು ನೋಡಬೇಕಾಗಂಗಿಲ್ರಿ, ಇಬ್ಬರೂ ನೀರ ನೋಡ್ತಾರ. ಅದಕ್ಕ ಮಾತು ಬರ್ತಾವ." ಅಲ್ಲಿಗೆ ನಿಲ್ಲಲಿಲ್ಲ. ಆ ತರುಣನಿಗೆ ಗೆಳೆಯರು ಹೇಗೆ ಸಿಕ್ಕರು, ಅವರಲ್ಲೊಬ್ಬ ಹೇಗೆ ಮುನಿದ, ಮಳೆಯಲ್ಲಿ ಮೂವರೂ ಒಂದೇ ಛತ್ರಿಯಲ್ಲಿ ಹೇಗೆ ಕೂತರು, ಎಲ್ಲವನ್ನೂ ಇಪ್ಪತ್ತು ನಿಮಿಷ ಹೇಳಿದ. ಮೆಂತೆಸೊಪ್ಪಿನ ಮೇಲೆ ಶೈಲಾಳ ಕೈ ನಿಂತುಬಿಟ್ಟಿತ್ತು. ಐದು ತಿಂಗಳಲ್ಲಿ ಅವನು ಆಡಿದ್ದಕ್ಕಿಂತ ಹೆಚ್ಚು ಮಾತು ಆ ಒಂದು ಸಂಜೆ ಬಂದಿತ್ತು. ನನ್ನ ಒಳ್ಳೆಯ ಮನಸ್ಸು ಎದ್ದು ಕೂತಿತು. "ನಡಿ, ನಾವೂ ಐತ್ವಾರ ಗಾಳ ಹಾಕೂಣು," ಎಂದೆ.

ನಮ್ಮದು ಮೊಟ್ಟೆಯ ಚಿತ್ರವಿದ್ದ ಬಿಸ್ಕತ್ತಿನ ಪೊಟ್ಟಣವನ್ನೂ ತಿರುಗಿಸಿ ಇಡುವ ಮನೆ. ಮೀನನ್ನು ನಾವು ನೋಡಿದ್ದು ಗುಡಿಯ ಹೊಂಡದಲ್ಲಿ ಮಾತ್ರ. ಅಜ್ಜಿಯ ಕೈಹಿಡಿದು ಹೋಗಿ, ಅವಕ್ಕೆ ಚುರಮುರಿ ಎಸೆದು, ನಮಸ್ಕಾರ ಮಾಡಿ ಬರುತ್ತಿದ್ದೆವು. ನಮಸ್ಕಾರ ಮಾಡಿಸಿಕೊಂಡವರ ಬಾಯಿಗೆ ಕೊಕ್ಕೆ ಹಾಕುವುದೆಂದರೆ ಸಣ್ಣ ಮಾತಲ್ಲ. ಶೈಲಾ ಒಂದು ರಾತ್ರಿಯಿಡೀ ಯೋಚಿಸಿ ಬೆಳಿಗ್ಗೆ ಅಪ್ಪಣೆ ಕೊಟ್ಟಳು. "ಸಿಕ್ಕಿದ್ದನ್ನ ಅಲ್ಲೇ ನೀರಿಗೆ ಬಿಡಬೇಕು. ಅದರ ವಾಸನಿ ಮನಿಗೆ ಬರಬಾರದು. ಆ ಕೋಲು ತುಳಸಿ ಬಾಜೂಕ ಇಡಬಾರದು." ಗಾಳದ ಅಂಗಡಿಯವನು ಮರಾಠಿಯಲ್ಲಿ ಯಾವ ಮೀನಿಗೆ ಬೇಕು ಎಂದು ಕೇಳಿದಾಗ ನಾನು ಗಲಿಬಿಲಿಗೊಂಡು, ಆದಷ್ಟು ಬರದೆ ಇರುವ ಮೀನಿಗೆ ಎಂದೆ. ಅವನು ನನ್ನನ್ನು ಒಮ್ಮೆ, ಗಿರೀಶನನ್ನು ಒಮ್ಮೆ ನೋಡಿ, ಕೋಲು, ರೀಲು, ತೇಲುವ ಬೆಂಡು ಮತ್ತು ಒಂದು ಡಬ್ಬಿ ಕೊಕ್ಕೆಗಳನ್ನು ಕಟ್ಟಿಕೊಟ್ಟ.

ಕೆಲಸ ಹಂಚಿಕೊಂಡೆವು. ಕೋಲು ಹಿಡಿಯುವುದು ಗಿರೀಶ, ಕೊಕ್ಕೆಗೆ ಗೋಧಿಹಿಟ್ಟಿನ ಉಂಡೆ ಮೆತ್ತುವುದು ನಾನು. ಮೊದಲ ಶನಿವಾರ ಕೊಕ್ಕೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಅದು ನನ್ನ ಹೆಬ್ಬೆರಳಿಗೆ ಚುಚ್ಚಿತು. ರಕ್ತದ ಒಂದು ಹನಿ ಬಂತು. ಹೆಬ್ಬೆರಳಿಗೇ ಹೀಗಾದರೆ ಮೀನಿನ ತುಟಿಗೆ ಹೇಗಾದೀತು? ಅತ್ತಿತ್ತ ನೋಡಿ, ಪಕ್ಕಡ ತೆಗೆದು, ಮೊನೆಯನ್ನು ಟಕ್ಕೆಂದು ಕತ್ತರಿಸಿ, ಉಳಿದ ತಂತಿಗೆ ಹಿಟ್ಟು ಮೆತ್ತಿದೆ. ಹೊರಗಿನಿಂದ ಯಾರಿಗೂ ತಿಳಿಯದು. ಮೀನು ಹಿಟ್ಟು ತಿಂದು ಹೋಗುತ್ತದೆ, ಹುಡುಗ ನೀರು ನೋಡುತ್ತಾನೆ, ಮಾತು ಬರುತ್ತದೆ, ಪಾಪ ಬರುವುದಿಲ್ಲ. ಇಷ್ಟು ಚೊಕ್ಕ ಉಪಾಯ ನನಗೆ ಸ್ಟೋರಿನ ಮೂವತ್ತು ವರ್ಷದಲ್ಲೂ ಹೊಳೆದಿರಲಿಲ್ಲ. ಮೊನೆಗಳನ್ನು ಚೆಲ್ಲಿದರೆ ಯಾರ ಕಾಲಿಗಾದರೂ ಚುಚ್ಚೀತೆಂದು ಖಾಲಿ ನಶ್ಯದ ಡಬ್ಬಿಯಲ್ಲಿ ಹಾಕಿಟ್ಟೆ. ಅಪರಾಧಿ ಯಾವಾಗಲೂ ಸಾಕ್ಷಿಯನ್ನು ಜೋಪಾನವಾಗಿ ಇಡುತ್ತಾನೆ.

ಸ್ಕೂಟರಿನಲ್ಲಿ ಒಂದು ಗಂಟೆ ಹೋದರೆ ಪವನಾ ಹೊಳೆಯ ಹಿನ್ನೀರು ಸಿಗುತ್ತದೆ. ಅಲ್ಲಿ ನಾವು ಕೂರುವ ಜಾಗದಿಂದ ಹತ್ತು ಹೆಜ್ಜೆ ಆಚೆ ದತ್ತು ಎಂಬ ತರುಣ ಕೂರುತ್ತಿದ್ದ. ಪುಣೆ ಜಿಲ್ಲೆಯ ಶಿರೂರಿನ ಕಡೆಯವನು, ವಾರವೆಲ್ಲ ಟೆಂಪೊ ಓಡಿಸಿ ಭಾನುವಾರ ಗಾಳ ಹಾಕುವವನು. ಮೊದಲ ದಿನವೇ ನಾನು ಕೂತ ಕೂಡಲೇ ಚೀಲದಿಂದ ಚುರಮುರಿ ತೆಗೆದು ನಾಲ್ಕು ಹಿಡಿ ನೀರಿಗೆ ಎಸೆದು ನಮಸ್ಕಾರ ಮಾಡಿದೆ. ಅದು ಅಜ್ಜಿ ಕಲಿಸಿದ ಪದ್ಧತಿ, ಕೈ ತಾನೇ ಮಾಡಿತು. ಸ್ವಲ್ಪ ಹೊತ್ತಿನಲ್ಲಿ ನೀರಿನ ಮೇಲೆ ಗುಳುಗುಳು ಎದ್ದಿತು. ಆ ಹಿನ್ನೀರಿನ ಮೀನಿನ ಸಂಸಾರಗಳೆಲ್ಲ ಮದುವೆ ಊಟಕ್ಕೆ ಬಂದಂತೆ ನಮ್ಮ ಮುಂದೆ ನೆರೆದವು. ನಮ್ಮ ಬೆಂಡು ಅಲ್ಲಾಡಿ ಸುಮ್ಮನಾಗುತ್ತಿತ್ತು. ದತ್ತುವಿನ ಬೆಂಡು ಮುಳುಗುತ್ತಿತ್ತು. ಅವನಿಗೆ ಒಂದು, ಎರಡು, ನಾಲ್ಕು ಮೀನು. ನಮಗೆ ಸೊನ್ನೆ. ಮೂರನೆಯ ಭಾನುವಾರದ ಹೊತ್ತಿಗೆ ಅವನು ಹತ್ತು ಹೆಜ್ಜೆಯನ್ನು ಎರಡು ಹೆಜ್ಜೆ ಮಾಡಿಕೊಂಡು, "ಕಾಕಾ, ತುಮ್ಹೀ ಕಾಯ ಜಾದೂ ಕರತಾ?" ಎಂದು ನನ್ನ ಮಾಟದ ಗುಟ್ಟು ಕೇಳಿದ. ಗಿರೀಶನ ಹೆಗಲಿಗೆ ಗುದ್ದಿ ಟೆಂಪೊದ ಕ್ಲಚ್ಚು, ಹೆದ್ದಾರಿಯ ಪೊಲೀಸರು, ಮುರಿದುಬಿದ್ದ ಮದುವೆ ಎಲ್ಲವನ್ನೂ ಹೇಳಿಕೊಂಡ. ಬೆಳಗಾವಿಯಲ್ಲಿ ಬೆಳೆದ ಗಿರೀಶನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೂ ಅವನು ತಲೆಯಾಡಿಸುತ್ತಿದ್ದ, ಅಷ್ಟೇ. ನೀರು ನೋಡಿದ, ಮಾತು ಬರಲಿಲ್ಲ.

ಆರನೆಯ ಭಾನುವಾರ ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ಅವನ ದನಿ ಕೇಳಿತು. "ಮಾಮಾ, ಮುಂದಿನ ವಾರದಿಂದ ಬ್ಯಾಡ್ರಿ."

"ಯಾಕೋ?"

"ಬಾಜೂಕ ಕೂತವಗ ಬರ್ತಾವ. ನನಗ ಬರೂದಿಲ್ಲ. ಮಂದಿ ಅಷ್ಟ ಅಲ್ರಿ, ಮೀನಿಗೂ ನಾ ಬ್ಯಾಡಾಗೇನಿ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ, "ಅವ್ವ ಹೇಳಿದ್ದ ಖರೆ ಅದ. ಬೆಳಗಾವ್ಯಾಗ ದೊಡ್ಡಪ್ಪನ ಝೆರಾಕ್ಸ್ ಅಂಗಡ್ಯಾಗ ಕೂಡ್ತೀನಿ. ಅಲ್ಲಿ ಮಾತಾಡೂದ ಬೇಕಾಗಿಲ್ಲ. ಎಷ್ಟು ಕಾಪಿ ಅನ್ನೂದು ಅವರ ಹೇಳ್ತಾರ."

ನನ್ನ ಕೈಯಲ್ಲಿ ಸ್ಕೂಟರು ಒಮ್ಮೆ ವಾಲಿ ಸರಿಯಾಯಿತು. ಮರುದಿನ ಸೋಮವಾರವಲ್ಲ, ಅದರಾಚೆಯ ಸೋಮವಾರ ಅವನ ನಾಲ್ಕನೆಯ ಸಂದರ್ಶನವಿತ್ತು, ಹಡಪಸರದಲ್ಲಿ. ಅಕ್ಕ ಆಗಲೇ ಫೋನಿನಲ್ಲಿ ತೀರ್ಪು ಕೊಟ್ಟಿದ್ದಳು. "ತಮ್ಮಾ, ಇದೂ ಆಗಲಿಲ್ಲಂದ್ರ ಬುಧವಾರ ನಾನ ಬಂದು ಕರಕೊಂಡ ಹೋಗ್ತೀನಿ. ಹುಡುಗ ದಿನಾ ಸೋತ ಸೋತ ಸವದಾನ. ನನಗ ನೋಡ್ಲಿಕ್ಕ ಆಗವಲ್ಲದು." ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಸೋತದ್ದು ಮೂರು ಸಲ ಎಂದು ಆಕೆ ತಿಳಿದಿದ್ದಳು. ಉಳಿದ ಆರು ಸೋಲುಗಳನ್ನು ಪಕ್ಕಡದಿಂದ ತಯಾರಿಸಿಕೊಟ್ಟವನು ನಾನು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಆ ವಾರ ಗಿರೀಶ ಬಟ್ಟೆಗಳನ್ನು ಮಡಿಚಿ ಚೀಲಕ್ಕೆ ಹಾಕಲು ಶುರುಮಾಡಿದ್ದ, ದಿನಕ್ಕೊಂದೊಂದರಂತೆ, ನಮಗೆ ಕಾಣಬಾರದೆಂದು. ಆ ಚೀಲದ ಝಿಪ್ಪಿನ ಸದ್ದು ಕೇಳಿದಾಗಲೆಲ್ಲ ನಾನು ಕೆಮ್ಮುತ್ತಿದ್ದೆ. ಸತ್ಯ ಹೇಳಿಬಿಡೋಣವೆಂದರೆ, ನಿನ್ನ ಗಾಳಕ್ಕೆ ನಾನೇ ಮೊನೆ ಇಟ್ಟಿರಲಿಲ್ಲ ಎಂದು ಇಂಥ ಹುಡುಗನಿಗೆ ಹೇಗೆ ಹೇಳುವುದು? ಮನೆಯವರೇ ನನ್ನನ್ನು ನಂಬಲಿಲ್ಲ ಎಂದುಕೊಂಡರೆ? ಸುಳ್ಳೇ ಇರಲಿ ಎಂದರೆ ಆ ಚೀಲ ದಿನಕ್ಕೊಂದು ಅಂಗಿ ನುಂಗುತ್ತಿದೆ. ಜೀವಮಾನದಲ್ಲಿ ಮೊದಲ ಸಲ ನಾಲ್ಕು ದಿನ ಸುಮ್ಮನಿದ್ದೆ. ಮನೆಯಲ್ಲಿ ಇದನ್ನು ಜ್ವರವೆಂದು ತಿಳಿದು ಕಷಾಯ ಮಾಡಿಕೊಟ್ಟರು.

ಶನಿವಾರ ಮಧ್ಯಾಹ್ನ ಗಿರೀಶ ಹೊರಗೆ ಹೋಗಿದ್ದಾಗ ಶೈಲಾ ನಶ್ಯದ ಡಬ್ಬಿ ತಂದು ನನ್ನ ಮುಂದೆ ಇಟ್ಟು ಮುಚ್ಚಳ ತೆರೆದಳು. ಒಳಗೆ, ಭಾನುವಾರಕ್ಕೆ ಮೂರರಂತೆ, ಹೊಳೆಯುವ ಹದಿನೆಂಟು ಮೊನೆಗಳು.

"ಏನಿದು?"

ಹೇಳಿದೆ. ಅಜ್ಜಿಯಿಂದ ಶುರುಮಾಡಿ ಹೆಬ್ಬೆರಳಿನ ತನಕ ಹೇಳಿದೆ. ಆಕೆ ಕೊನೆಗೆ ಡಬ್ಬಿಯ ಮುಚ್ಚಳ ಹಾಕಿ, "ಭಾಳ ಪುಣ್ಯಾ ಕಟ್ಟಿಕೊಂಡ್ರಿ. ಮೀನು ಉಳಿಸೀರಿ, ಹುಡುಗನ್ನ ಮುಳುಗಿಸೀರಿ," ಎಂದಳು. ಏಕಾದಶಿಯ ದಿನ ಹಾಲನ್ನೂ ಯೋಚಿಸಿ ಕುಡಿಯುವ ನನ್ನ ಹೆಂಡತಿ ಮುಂದೆ ಹೇಳಿದ್ದನ್ನು ನಾನು ಸಾಯುವ ತನಕ ಮರೆಯುವವನಲ್ಲ. "ನಾಳಿಗೆ ಮೊನಿ ಇದ್ದದ್ದ ಹಾಕ್ರಿ. ಒಂದು ಮೀನಿನ ತುಟಿ ಹರದರ ಆ ಪಾಪ ನನಗಿರಲಿ. ದೇವರು ಕೇಳಿದರ ಶೈಲಾ ಹೇಳಿದ್ಲು ಅನ್ರಿ."

ಭಾನುವಾರ ಗಿರೀಶನನ್ನು ಹೊರಡಿಸುವುದೇ ಕಷ್ಟವಾಯಿತು. ಮಾಮಿಯ ಮಾತಿಗೆ ಇಲ್ಲವೆನ್ನಲಾರದೆ, ಕೊನೆಯ ಸಲ ಎಂದು ಬಂದ. ಕೊಕ್ಕೆಗೆ ಹಿಟ್ಟು ಮೆತ್ತುವಾಗ ಮೂರು ಉಂಡೆ ಮಣ್ಣುಪಾಲಾದವು. ಚುರಮುರಿ ಎಸೆದೆ. ಈ ಸಲ ನಮಸ್ಕಾರ ಮಾಡಲು ಕೈ ಏಳಲಿಲ್ಲ. ಊಟಕ್ಕೆ ಕರೆದು ಕತ್ತಿ ಮಸೆದಿಟ್ಟವನು ಯಾವ ಮುಖದಿಂದ ಕೈಮುಗಿಯಬೇಕು? ದತ್ತು ಸ್ವಲ್ಪ ಹೊತ್ತು ಕೂತಿದ್ದು, ಟೆಂಪೊದಲ್ಲಿ ಏನೋ ಬಿಟ್ಟುಬಂದೆನೆಂದು ದಿಬ್ಬ ಹತ್ತಿ ರಸ್ತೆಗೆ ಹೋದ. ಬೇಗ ಬರಲಿ ಎಂದು ಒಮ್ಮೆ, ಬೆಂಡು ಮುಳುಗಲಿ ಎಂದು ಒಮ್ಮೆ, ಮುಳುಗದಿರಲಿ ಎಂದು ಒಮ್ಮೆ, ನಾನು ಒಂದೇ ದೇವರಿಗೆ ಮೂರು ಅರ್ಜಿ ಹಾಕಿದೆ. ಅರ್ಧ ಗಂಟೆ ಏನೂ ಇಲ್ಲ. ಗಿರೀಶ ಕೋಲನ್ನು ಮಡಿಚಲು ಎದ್ದ.

ಆಗ ಬೆಂಡು ಅಲ್ಲಾಡಲಿಲ್ಲ, ಇದ್ದಕ್ಕಿದ್ದಂತೆ ಕಾಣೆಯಾಯಿತು. ಕೋಲು ಬಿಲ್ಲಿನಂತೆ ಬಗ್ಗಿತು. ರೀಲು ಕರ್ರೆಂದು ತಿರುಗಿತು. ಗಿರೀಶ ಎರಡು ಹೆಜ್ಜೆ ನೀರಿಗೆ ಜಾರಿ, ಮೊಣಕಾಲ ತನಕ ಕೆಸರಿನಲ್ಲಿ ಹೂತು, ಹಲ್ಲು ಕಚ್ಚಿ ಎಳೆದ. ಮಿಕ್ಸರು ಬಿಚ್ಚುವ ಆ ಕೈಗಳಿಗೆ ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ತಾನೇ ತಿಳಿದಿತ್ತು. ಹತ್ತು ನಿಮಿಷವೋ ಹತ್ತು ವರ್ಷವೋ, ಕೊನೆಗೆ ನನ್ನ ತೊಡೆಯಷ್ಟು ದಪ್ಪದ ಒಂದು ರೋಹು ಮೀನು ದಂಡೆಯ ಹುಲ್ಲಿನ ಮೇಲೆ ಬಂದು ಬಿದ್ದಿತು. ಬಿದ್ದು, ನನ್ನತ್ತ ನೋಡಿತು.

ಅಲ್ಲಿಗೆ ನಮ್ಮ ವಿದ್ಯೆ ಮುಗಿದಿತ್ತು. ಮೀನನ್ನು ಹೇಗೆ ಮುಟ್ಟಬೇಕು, ಎಲ್ಲಿ ಹಿಡಿಯಬೇಕು, ಕೊಕ್ಕೆ ಹೇಗೆ ಬಿಡಿಸಬೇಕು ಎಂಬುದು ನಮ್ಮ ಏಳು ತಲೆಮಾರಿನಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಕೈ ಚಾಚಿದೆ, ಅದು ಬಾಲ ಬಡಿಯಿತು, ನಾನು ಹಿಂದಕ್ಕೆ ಹಾರಿ ಕೂತೆ. ಗಿರೀಶ ಚಾಚಿದ, ಜಾರಿತು. ಅದರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿಲ್ಲ. ಇಂಥ ಬಾಯಿಯನ್ನು ನಾನು ಎಲ್ಲೋ ನೋಡಿದ್ದೆ. ದತ್ತುವನ್ನು ಕರೆಯಬೇಕೆಂದು ದಿಬ್ಬದ ಕಡೆ ತಿರುಗಿ ಬಾಯಿ ತೆರೆದೆ. ಏನೂ ಬರಲಿಲ್ಲ. ಅರವತ್ತೊಂದು ವರ್ಷ ಎಡೆಬಿಡದೆ ದುಡಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಟ್ಟಿತು. ನಾನೂ ಮೀನೂ ಎದುರುಬದುರು ಕೂತು ಬಾಯಿ ತೆರೆದೆವು, ಮುಚ್ಚಿದೆವು. ಅದರ ಬಾಲದ ಬಡಿತ ನಿಧಾನವಾಗತೊಡಗಿತು.

"ಕರೀರಿ ಮಾಮಾ! ದತ್ತೂನ ಕರೀರಿ!" ಎಂದ ಗಿರೀಶ. ನಾನು ಗಂಟಲು ಮುಟ್ಟಿ ತೋರಿಸಿ, ಇಲ್ಲವೆಂದು ಕೈಯಾಡಿಸಿದೆ. ಅವನು ನನ್ನನ್ನು ನೋಡಿದ, ಮೀನನ್ನು ನೋಡಿದ, ದಿಬ್ಬವನ್ನು ನೋಡಿದ. ಅವನ ಕೊರಳಿನ ನರ ಉಬ್ಬಿತು. ಮೊದಲು ಒಂದು ಕೀರಲು ಸದ್ದು ಬಂತು, ಅಷ್ಟೇ. ಮತ್ತೆ ಉಸಿರು ಎಳೆದುಕೊಂಡ.

"ದತ್ತೂ! ಏ ದತ್ತೂ! ಲವಕರ ಯೇ! ಮರತೋಯ ರೇ!" ಬೇಗ ಬಾರೋ, ಸಾಯುತ್ತಿದೆಯೋ ಎಂಬ ಆ ಕೂಗಿಗೆ ಆಚೆ ದಂಡೆಯ ಕೊಕ್ಕರೆಗಳು ಎದ್ದು ಹಾರಿದವು. ನಿಲ್ಲಿಸಲಿಲ್ಲ, ದತ್ತು ದಿಬ್ಬದ ಮೇಲೆ ಕಾಣಿಸುವ ತನಕ ಕೂಗಿದ, ಕಾಣಿಸಿದ ಮೇಲೆ ನಿಧಾನಕ್ಕೆ ಬಂದನೆಂದು ಬೈಯುತ್ತ ಕೂಗಿದ.

ದತ್ತು ಓಡಿ ಬಂದು, ಕೈ ಒದ್ದೆ ಮಾಡಿಕೊಂಡು, ಒಂದೇ ತಿರುವಿಗೆ ಕೊಕ್ಕೆ ಬಿಡಿಸಿ ಮೀನನ್ನು ಗಿರೀಶನ ಎರಡೂ ಕೈಗಳಲ್ಲಿ ಇಟ್ಟ. ಗಿರೀಶ ಮೊಣಕಾಲೂರಿ ಅದನ್ನು ನೀರಿನೊಳಗೆ ಹಿಡಿದುಕೊಂಡ. ಅದು ಅಲ್ಲಾಡಲಿಲ್ಲ. ನಾನು ಶೈಲಾಳ ಹೆಸರನ್ನು ದೇವರಿಗೆ ಹೇಳಬೇಕೋ ನನ್ನ ಹೆಸರನ್ನೋ ಎಂದು ಯೋಚಿಸುತ್ತಿದ್ದೆ. ಒಂದು ಸಲ ಕಿವಿರು ತೆರೆಯಿತು. ಇನ್ನೊಂದು ಸಲ. ಬಾಲ ಎತ್ತಿ ಅವನ ಮುಖಕ್ಕೆ ನೀರು ಬಡಿದು ಹೋಗಿಬಿಟ್ಟಿತು.

"ಸೋಡಲಾಸ?" ಬಿಟ್ಟೆಯಾ ಎಂದು ದತ್ತು ತಲೆಯ ಮೇಲೆ ಕೈ ಹೊತ್ತ. ಅಂಥ ಮೀನನ್ನು ತನ್ನ ಅಪ್ಪನೂ ಹಿಡಿದಿರಲಿಲ್ಲ, ನಿಮಗೆ ಬುದ್ಧಿ ಇದೆಯೇ ಎಂದು ಕೂಗಾಡಿದ. ಗಿರೀಶ ಸುಮ್ಮನಿರಲಿಲ್ಲ. ತಾನು ಹಿಡಿದದ್ದು, ತಾನು ಬಿಟ್ಟದ್ದು, ನೀನು ಯಾರು ಕೇಳಲು ಎಂದ. ಅವರಿಬ್ಬರೂ ಮುಕ್ಕಾಲು ಗಂಟೆ ಜಗಳಾಡಿದರು. ಹುಲ್ಲಿನ ಮೇಲೆ ಕೂತು ಅದನ್ನು ಕೇಳಿದ ನನಗೆ ಯಾವ ಸಂಗೀತ ಕಛೇರಿಯಲ್ಲೂ ಅಂಥ ಸುಖ ಸಿಕ್ಕಿಲ್ಲ.

ಮರುದಿನ ಹಡಪಸರದ ಕೆಲಸ ಸಿಕ್ಕಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಸಿಗಲಿಲ್ಲ. ಅಲ್ಲಿ ಅವನ ಗಂಟಲು ಮತ್ತೆ ಕಟ್ಟಿತಂತೆ. ಆದರೆ ಈ ಸಲ, "ಸರ್, ಮಾತು ನಿಂತದ, ಎರಡು ನಿಮಿಷ ತಡೀರಿ," ಎಂಬುದನ್ನು ಹೇಗೋ ಮಾಡಿ ಇಂಗ್ಲಿಷಿನಲ್ಲಿ ಹೇಳಿದನಂತೆ. ಅವರು ತಡೆದರು, ಇವನು ಹೇಳಿದ, ಕೆಲಸ ಬೇರೆಯವರಿಗೆ ಹೋಯಿತು. ಮನೆಗೆ ಬಂದವನು ತಾನೇ ಬೆಳಗಾವಿಗೆ ಫೋನು ಹಚ್ಚಿ, "ಅವ್ವಾ, ಬುಧವಾರ ಬರಬ್ಯಾಡ," ಎಂದ. ಆ ಕಡೆಯಿಂದ ಅಕ್ಕ ಏನೋ ಕೇಳಿದಳು. "ಸೋತಿಲ್ಲ. ಇನ್ನೂ ಆಡ್ಲಿಕತ್ತೀನಿ," ಎಂದು ಫೋನಿಟ್ಟು, ಚೀಲದಿಂದ ಅಂಗಿಗಳನ್ನು ಹೊರತೆಗೆದ.

ಎರಡು ತಿಂಗಳ ಮೇಲೆ ಶಿರೂರಿನ ರಸ್ತೆಯಲ್ಲಿ ದತ್ತು ಸಾಮಾನು ಸಾಗಿಸುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸವಾಯಿತು. ಈಗ ಅಲ್ಲೇ ಇಬ್ಬರೂ ಒಂದು ಖೋಲಿಯಲ್ಲಿದ್ದಾರೆ. ಭಾನುವಾರ ನಾನು ಬಾಲ್ಕನಿಯಲ್ಲಿ ಕೂತು ಮೂಲೆಯ ಗಾಳದ ಕೋಲು ನೋಡುತ್ತಿದ್ದೆ. ಮೂವತ್ತು ವರ್ಷ ಈ ಊರಿನಲ್ಲಿ ಎಲ್ಲರೊಡನೆ ಮಾತಾಡಿದ್ದೇನೆ. ಭಾನುವಾರ ಬಾ ಎಂದು ಕರೆಯುವವರು ಒಬ್ಬರೂ ಇಲ್ಲ ಎಂಬುದು ಆ ಕೋಲನ್ನು ನೋಡುವಾಗ ತಿಳಿಯಿತು.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕೆಳಗೆ ಟೆಂಪೊದ ಹಾರ್ನು ಕೇಳಿತು. ಗಿರೀಶ ಮೇಲೆ ಬಂದು, ಕೋಲು ತೆಗೆದುಕೊಂಡು, "ಏಳ್ರಿ ಮಾಮಾ. ಚುರಮುರಿ ತೊಗೊಳ್ರಿ. ಪಕ್ಕಡ ಮನ್ಯಾಗ ಬಿಡ್ರಿ," ಎಂದ. ನಾನು ಶೈಲಾಳನ್ನು ನೋಡಿದೆ. ಆಕೆ ಗೋಡೆಯ ಕ್ಯಾಲೆಂಡರು ನೋಡಿದಳು.

ಆ ದಿನ ಕೋಲನ್ನು ನನ್ನ ಕೈಗೆ ಕೊಟ್ಟು ಅವರಿಬ್ಬರೂ ದಿಬ್ಬದ ಮೇಲಿನ ಟೆಂಪೊದ ನೆರಳಿನಲ್ಲಿ ಹೋಗಿ ಕೂತರು. ಹನ್ನೊಂದು ಗಂಟೆಗೆ ಬೆಂಡು ಮುಳುಗಿತು. ನಾನು ತಿರುಗಿ ನೋಡಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು, ಏಳಲಿಲ್ಲ. ಕರೆಯಲಿ ಎಂದು ಕಾಯುತ್ತಿದ್ದರು. ನಾನು ಕರೆದೆ. ಸೋಮವಾರ ಏಳುವಷ್ಟರಲ್ಲಿ ನನ್ನ ಗಂಟಲು ಪೂರ್ತಿ ಕೂತುಹೋಗಿತ್ತು. ಮೂರು ದಿನ ಒಂದಕ್ಷರ ಹೊರಡಲಿಲ್ಲ. ಮುಂದಿನ ಶನಿವಾರ ಶೈಲಾ, ಮೂರು ದಿನ ಮನೆಯನ್ನು ಶಾಂತವಾಗಿಟ್ಟ ಮೀನಿಗೆಂದು ಎರಡು ಪಟ್ಟು ಚುರಮುರಿ ಕಟ್ಟಿಟ್ಟಳು.